ಹೊಸ್ತಿಲಲ್ಲಿ ಕಳಚಿದ ಕನ್ನಡಕ

ಬಸವನಮಂಟಿ, ಕೆ.ಆರ್.ಪೇಟೆ ತಾಲ್ಲೂಕು
3-12-2025

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಭದ್ರಾವತಿಯ ಚಳಿಗೆ ಹುರುಳಿಕಾಳಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯಾ, ಇಲ್ಲ ಜೀವಮಾನವೆಲ್ಲ ನರ್ಸಾಗಿದ್ದವಳಿಗೆ ಅದು ಅವಮಾನವೋ? ನಾವು ಚೆನ್ನಾಗಿದ್ದೇವೆ, ಸಿಟ್ಟೊಂದು ಬಿಟ್ಟು.

ಕೊಡುತ್ತೇವೆ ಎಂದದ್ದು: ಕೇರಿಗೆ ಚರಂಡಿ, ಸ್ಮಶಾನಕ್ಕೆ ದಾರಿ, ಗುಡಿಗೆ ಪ್ರವೇಶ. ಕೊಡದೇ ಹೋದದ್ದು: ಮೂರೂ. ಕೊಟ್ಟದ್ದು: ವಿಆರ್ ಕನ್ನಡಕ. ನಗಬೇಡ. ಕಣ್ಣು ಪೂರ್ತಿ ಮುಚ್ಚುವಂತೆ ತಲೆಗೆ ಬಿಗಿಯುವ ಡಬ್ಬಿ ಅದು. ಎತ್ತ ತಿರುಗಿದರೂ ಆ ಜಾಗದಲ್ಲೇ ನಿಂತಂತೆ ಕಾಣುತ್ತದೆ. ಮಕ್ಕಳು ಸಮಾನತೆಯ ಚರಿತ್ರೆ ಕಲಿಯಲಿ ಎಂದು ಬೆಂಗಳೂರಿನ ಯಾವುದೋ ಕಂಪನಿ ನಮ್ಮ ಹೈಸ್ಕೂಲಿಗೆ ದಾನ ಮಾಡಿದೆ. ಬಾಬಾಸಾಹೇಬರ ಹಿಂದೆ ನಡೆದು ಮಹಾಡದ ಕೆರೆಯ ನೀರು ಮುಟ್ಟಬಹುದು. ಕೊನೆಗೆ ‘ಇಂದಿನ ಭಾರತ’ ಅಂತ ಒಂದು ಗುಡಿ. ಬಾಗಿಲು ತೆರೆದು ಎಲ್ಲರೂ ಒಳಗೆ. ಯಾವ ಗುಡಿ ಗೊತ್ತೇ? ನಮ್ಮೂರಿನದೇ! ಊರ ಯಜಮಾನ ನಂಜಪ್ಪ, ತಮ್ಮ ಗುಡಿ ದೇಶಕ್ಕೆಲ್ಲ ಕಾಣುತ್ತದೆಂಬ ಜಂಬದಲ್ಲಿ, ಕ್ಯಾಮೆರಾದವರನ್ನು ಗರ್ಭಗುಡಿಯ ಬಾಗಿಲವರೆಗೂ ತಾನೇ ಕರೆದೊಯ್ದಿದ್ದ. ಕೇರಿ ಮಕ್ಕಳೂ ಆ ಕನ್ನಡಕ ಹಾಕಿಕೊಳ್ಳುತ್ತಾರೆಂಬುದು ಆ ಬೃಹಸ್ಪತಿಗೆ ಹೊಳೆಯಲೇ ಇಲ್ಲ.

ನನ್ನ ಮಗಳು ಪವಿತ್ರ ಮನೆಗೆ ಓಡಿಬಂದು, “ಅಪ್ಪಾ, ಒಳ್ಗೆ ಕಂಬದ್ಮ್ಯಾಲೆ ಒಂದು ಕೋತಿ ತಲೆ ಬಾಚ್ಕೊತಾ ಐತೆ ಕಣಪ್ಪ!” ಅಂದಳು. ಆ ಗುಡಿಯ ಮುಂದೆ ತಮಟೆ ಬಡಿದೇ ಸವೆದ ನಮ್ಮಪ್ಪನಿಗೆ ಕಂಬದಲ್ಲಿ ಕೆತ್ತಿದ ಆ ಕೋತಿ ಗೊತ್ತಿರಲಿಲ್ಲ.

ಸುದ್ದಿ ಊರು ಮುಟ್ಟಿತು. ಅರಳಿಕಟ್ಟೆಯಲ್ಲಿ ಪಂಚಾಯಿತಿ ಕೂತಿತು. ಕನ್ನಡಕದಲ್ಲಿ ಒಳಗೆ ಹೋದರೆ ಹೋದ ಹಾಗೋ, ಅಲ್ಲವೋ? ಇದು ಚರ್ಚೆ! ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ನಮ್ಮ ದಾಸಯ್ಯ ಹೇಳಿ ಹೇಳಿ ನಕ್ಕ. ಒಬ್ಬ, “ಗಂಜಲ ಚಿಮುಕಿಸ್ಬುಟ್ರೆ ಆಯ್ತದೆ” ಎಂದನಂತೆ. ಇನ್ನೊಬ್ಬ, “ಲೇ, ಕರೆಂಟಿನ ಸಾಮಾನು ಕಣ್ಲಾ, ಸುಟ್ಟೋದಾತು” ಎಂದನಂತೆ. “ಕಾಲಿಟ್ಟಿಲ್ವಲ್ಲ, ಬುಡಿ ಗೌಡ್ರೆ” ಎಂದವನಿಗೆ ನಂಜಪ್ಪ, “ಎಲ್ಲಾನೂ ನೋಡ್ಕಬಂದವ್ಳಲ್ಲಲಾ! ನಾಳೆ ಅವ್ಳಿಗೆ ಯಾರೂ ದಾರಿ ತೋರುಸ್ಬೇಕಾಗಿಲ್ಲ” ಎಂದನಂತೆ. ಅವನು ಆಡಿದ ಸರಿಯಾದ ಮಾತು ಅದೊಂದೇ.

ತೀರ್ಪು: ಕೇರಿ ಮಕ್ಕಳಿಗೆ ಗುಡಿಯ ಹೊಸ್ತಿಲು ಬಂದಾಗ ಕನ್ನಡಕ ಕಳಚುವುದು. ಚರಿತ್ರೆಯ ಮೇಷ್ಟ್ರು ಮೋಹನ್ ಕುಮಾರ್ ನಾಚಿಕೆಯಿಲ್ಲದೆ ತಲೆಯಾಡಿಸಿದರು. ಮರುದಿನ ಪವಿತ್ರಳಿಗೆ ಕೆರೆ ಮುಟ್ಟಿಸಿ, ಹೊಸ್ತಿಲಲ್ಲಿ ಕಿತ್ತುಕೊಂಡು, “ಮುಗೀತು ಕಣಮ್ಮ, ಏಳು” ಎಂದರು. ಅವಳು ಏಳಲಿಲ್ಲ. “ಮುಗ್ದಿಲ್ಲ ಸಾ, ಇನ್ನೂ ಐತೆ. ನಾನೇ ನೋಡಿವ್ನಿ” ಅಂದಳು. ಅದಕ್ಕೆ ಈಗ ತರಗತಿಯಿಂದಲೂ ಹೊರಗೆ. ಕ್ಷಮೆ ಕೇಳಿದರೆ ಮಾತ್ರ ಒಳಗಂತೆ. ಸಮಾನತೆಯ ಪಾಠ ಹೇಳುವ ಮೇಷ್ಟ್ರು! ಅವಳು ಕೇಳುವುದಿಲ್ಲ, ನಾನು ಕೇಳಿಸುವುದೂ ಇಲ್ಲ.

ಆ ದೇವರಿಂದ ನನಗೇನೂ ಆಗಬೇಕಿಲ್ಲ, ನಿನಗೆ ಗೊತ್ತು. ಆದರೆ ನಿನ್ನ ದೇವರು ಬೇಡ ಹೋಗು ಎನ್ನುವುದಕ್ಕೂ ಬಾಗಿಲು ತೆರೆದಿರಬೇಕಲ್ಲ ಅಕ್ಕಾ. ದೂರು ಕೊಟ್ಟಿದ್ದೇವೆ. ಕಾಯುವ ಅಭ್ಯಾಸ ಮಾತ್ರ ಬಿಟ್ಟಿದ್ದೇವೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಪ್ರೀತಿ. ಜೈಭೀಮ್.

ನಿನ್ನ ತಮ್ಮ,
ಚಿಕ್ಕಸ್ವಾಮಿ

ವಿ.ಸೂ.: ಕಾಗದ ಟಪಾಲಿಗೆ ಹಾಕಲು ಪೇಟೆಗೆ ಹೋಗಬೇಕು, ಬಸ್ಸಿಗೆ ಹೊತ್ತಾಯಿತು, ಅಸಲು ಮಾತು ಈಗ. ನಾವು ಗುಡಿಯೊಳಗೆ ಹೋಗುತ್ತಿದ್ದೇವೆ. ಎಲ್ಲರಿಗಿಂತ ಮುಂದೆ ತಾನೇ ಎಂದು ಪವಿತ್ರಳ ಹಟ. ಕಲ್ಲು ಬಿದ್ದರೆ ಮೊದಲು ಅವಳ ಮೇಲೇ ಬೀಳುವುದು ಎಂದು ಅವಳವ್ವನಿಗೆ ಭಯ. “ಅತ್ಗೆ ಬಂದು ಕೈ ಹಿಡ್ಕಂಡ್ರೆ ಕಳುಸ್ತೀನಿ, ಇಲ್ದಿದ್ರೆ ಇಲ್ಲ” ಅಂದುಬಿಟ್ಟಿದ್ದಾಳೆ. ಬಾ. ನಮ್ಮ ಕೇರಿಯವರ ಸಭೆ ಈ ಸಲ ಕೇರಿಯಲ್ಲಲ್ಲ, ಗುಡಿಯ ಕಂಬಗಳ ನಡುವೆ: ಡಿಸೆಂಬರ್ 14, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.