ಕಪ್ಪು ಬಟ್ಟೆಯ ಮೇಲಿನ ಹೊಟ್ಟು

ಮಾರ್ಚ್ ೧೧, ಬುಧವಾರ

ಬೆಳಿಗ್ಗೆ ಪಾರ್ಲರಿನಲ್ಲಿ ಕೂದಲು ಕತ್ತರಿಸುವಾಗ, ಗಿರಾಕಿಗೆ ಹೊದಿಸಿದ್ದ ಕಪ್ಪು ಬಟ್ಟೆಯ ಮೇಲೆ ನನ್ನ ಮೊಣಕೈಯಿಂದ ಬಿಳಿ ಹೊಟ್ಟು ಉದುರಿತು. ಪಾಪ, ಆಕೆ ತನ್ನದೇ ತಲೆಹೊಟ್ಟು ಅಂದುಕೊಂಡು ನಾಚಿಕೊಂಡಳು. ಹೋಗುವಾಗ ಒಂದು ಶಾಂಪೂ ಬೇರೆ ತಗೊಂಡಳು. ಅದಕ್ಕೆ ಬಿಲ್ ಹಾಕಿದ್ದೂ ನಾನೇ.

ದರಿದ್ರ ಸೋರಿಯಾಸಿಸ್! ಬಸುರಿಯಾಗಿದ್ದಷ್ಟು ದಿನ ಮೈಮೇಲೆ ಒಂದು ಕಲೆಯೂ ಇರಲಿಲ್ಲ. ವಾಸಿಯಾಯ್ತು ಅಂತ ಗಿಡ್ಡ ತೋಳಿನ ಬಟ್ಟೆ ಹೊಲಿಸಿಕೊಂಡೆ, ಪೆದ್ದಿ. ಹೆರಿಗೆಯಾದದ್ದೇ ತಡ, ಬಡ್ಡಿ ಸಮೇತ ವಾಪಸ್ ಬಂತು.

ಸಂಜೆ ಅತ್ತೆಯ ಜೊತೆ ಚರ್ಮದ ಡಾಕ್ಟರ ಹತ್ತಿರ ಹೋದೆ. "ಬಸುರಿನಲ್ಲಿ ಹಾರ್ಮೋನು ಏರಿರುತ್ತಮ್ಮ. ಮೈ ತನ್ನ ಚರ್ಮದ ಮೇಲೇ ಜಗಳ ತೆಗೆಯೋದು ಆಗ ಎಷ್ಟೋ ಜನಕ್ಕೆ ಕಡಿಮೆಯಾಗುತ್ತೆ. ಹೆತ್ತ ಮೇಲೆ ಹಾರ್ಮೋನು ಇಳಿಯುತ್ತೆ, ಜಗಳ ಮತ್ತೆ ಶುರು," ಅಂದರು. ಹಾಗಾದರೆ ಅದೇ ಹಾರ್ಮೋನು ಕೊಡಿ ಅಂದೆ. "ಅಷ್ಟು ಸುಲಭ ಅಲ್ಲಮ್ಮ," ಅಂತ ಅದೇ ಹಳೇ ಮುಲಾಮು ಬರೆದರು. ಮಗು ಹಾಲು ಕುಡಿಯುತ್ತಲ್ಲ, ಸದ್ಯಕ್ಕೆ ಮಾತ್ರೆ ಬೇಡವಂತೆ. ಇಷ್ಟು ಕೇಳೋಕೆ ಅರ್ಧ ದಿನ ರಜೆ ಹಾಕಿದ್ದೆ!

ಹೊರಗೆ ಬಂದ ಕೂಡಲೇ ಅತ್ತೆ, "ಹಾಗಿದ್ರೆ ಇನ್ನೊಂದು ಹೆತ್ತುಬಿಡು ಕಣೇ," ಅಂದರು. ತಮಾಷೆಗಲ್ಲ. ಮೈಯೆಲ್ಲ ಉರಿದುಹೋಯ್ತು. ಮನೆ ಸೇರುವತನಕ ಅವರ ಮುಖ ನೋಡಲಿಲ್ಲ.

ಈಗ ಮುಲಾಮು ತಿಕ್ಕುತ್ತಾ ಕೂತಿದ್ದೇನೆ. ಪಾಪ, ಅತ್ತೆಯ ಮೇಲೆ ಯಾಕೆ ಸಿಟ್ಟು? ಅವರು ಬಾಯಿ ಬಿಡುವ ಮೊದಲೇ, ಡಾಕ್ಟರ ಮುಂದೆ ಕೂತಿದ್ದಾಗಲೇ, ನಾನೂ ಅದನ್ನೇ ಯೋಚಿಸಿಬಿಟ್ಟಿದ್ದೆ. ಒಂಬತ್ತು ತಿಂಗಳಾದರೂ ಕೈ ನುಣ್ಣಗಿರುತ್ತಲ್ಲ ಅಂತ…