ಗುರುವಾರದ ಪಟ್ಟಿಯಲ್ಲಿ ಎರಡು ಹೆಸರು

ಮನಾಮ, ಬಹರೈನ್
ಮಂಗಳವಾರ, ೯ ಅಕ್ಟೋಬರ್ ೨೦೧೨

ನನ್ನ ಎಡಗೈಯ ಜೋಡಿ ಫ್ಲೆನ್ಸಿಗೆ,

ಕನ್ನಡದಲ್ಲಿ ಬರೆ ಎಂದು ನೀನೇ ಹೇಳಿಕಳಿಸಿದ್ದೀ, ಹಾಗಾಗಿ ಈ ಕೋಳಿಕಾಲಿನ ಅಕ್ಷರವನ್ನು ನೀನೇ ಸಹಿಸಿಕೊಳ್ಳಬೇಕು. ಇಂಗ್ಲಿಷ್ ಕಾಗದ ಆಸ್ಪತ್ರೆಯಿಂದಲೇ ಬೇಕಾದಷ್ಟು ಬರ್ತದೆ ಮಾರಾಯ್ತಿ, ನೀನೂ ಶುರು ಮಾಡ್ಬೇಡ ಎಂದು ಬರೆದು ತೋರಿಸಿದೆಯಂತೆ. ವೇಯ್ನ್ ಅದನ್ನು ಫೋನಿನಲ್ಲಿ ನಿನ್ನ ಧಾಟಿಯಲ್ಲೇ ಓದಿದರು. ಹೆಂಡತಿಯ ಮಾತಿನ ರಾಗ ಗಂಡನಿಗೆ ಇಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಿರಲಿಲ್ಲ, ನಕ್ಕುಬಿಟ್ಟೆ. ನಿನ್ನ ಮಾತನ್ನು ಅವರೇಕೆ ಆಡಬೇಕಾಗಿ ಬಂತು ಎಂಬುದು ಆಮೇಲೆ ನೆನಪಾಯಿತು. ಗಂಟಲಿನ ಆಪರೇಷನ್ ಆದ ಮೇಲೆ ನಿನ್ನ ದನಿ ಹೇಗಿದೆ, ಇದೆಯೋ ಇಲ್ಲವೋ ಎಂದು ನಾನು ಅವರನ್ನು ಈವರೆಗೆ ಕೇಳಿಲ್ಲ.

ಮೈಸೂರಿನ ಕಾನ್ವೆಂಟಿನಲ್ಲಿ ನಮಗೆ ಕನ್ನಡವೆಂದರೆ ದಿನಕ್ಕೊಂದು ಪೀರಿಯಡ್. ನಲವತ್ನಾಲ್ಕು ವರ್ಷದ ಹೆಂಗಸು ಒತ್ತಕ್ಷರ ಸರಿಯಿದೆಯೇ ಎಂದು ನೋಡಿ ನೋಡಿ ಬರೆಯುತ್ತಿರುವುದನ್ನು ಕಂಡು ನಮ್ಮ ಯಜಮಾನರು ಯಶವಂತ್ ಬಾಗಿಲಲ್ಲೇ ನಿಂತು ಪರೀಕ್ಷೆ ಯಾವತ್ತು ಎಂದು ಕೇಳಿ ಹೋದರು.

ನಾನು ಬರಲಾಗದ್ದಕ್ಕೆ ಕ್ಷಮೆಯಿರಲಿ. ಮೀನಾ ಸಲ್ಮಾನ್ ಬಂದರಿನ ನಮ್ಮ ಆಫೀಸಿನಲ್ಲಿ ಆಡಿಟ್ ನಡೆಯುತ್ತಿದೆ, ರಜೆ ಸಿಕ್ಕಿಲ್ಲ. ಈದ್ ಕಳೆಯಲಿ, ನೋಡೋಣ ಎಂದಿದ್ದಾರೆ. ಕ್ಲಬ್ಬಿನ ರೋಜಿಯ ತಮ್ಮ ಎರಿಕ್ ಗುರುವಾರ ಮಂಗಳೂರಿಗೆ ಹೊರಟಿದ್ದಾನೆ. ಈ ಪತ್ರವನ್ನೂ ನಿನ್ನ ಅಮ್ಮನಿಗೆ ಇಷ್ಟವಾದ ಖರ್ಜೂರವನ್ನೂ ಅವನ ಕೈಯಲ್ಲಿ ಕಳಿಸುತ್ತೇನೆ.

ಕ್ಲಬ್ಬಿನ ಬ್ಯಾಡ್ಮಿಂಟನ್ ಟೂರ್ನಮೆಂಟಿಗೆ ನಾನು ರೋಜಿಯ ಜೊತೆ ಆಡಬೇಕೆಂದು ನೀನು ಎರಡು ಸಲ ಹೇಳಿಕಳಿಸಿದೆ. ಎರಡು ಸಲವೂ ನಾನು ಆಗುವುದಿಲ್ಲ ಎಂದೆ. ನನಗೆ ಜೋಡಿ ಇದೆ, ಅವಳು ಬರುವ ತನಕ ಬೇರೆಯವರ ಪಕ್ಕ ನಿಲ್ಲುವುದಿಲ್ಲ ಎಂದು ಕ್ಲಬ್ಬಿನಲ್ಲೆಲ್ಲ ಹೇಳಿದೆ. ಎಲ್ಲರಿಗೂ ಮೆಚ್ಚಿಗೆಯಾಯಿತು. ಶಾಹುಲ್ ಹಮೀದ್ ಸಾಹೇಬರಂತೂ ಕಮಿಟಿ ಮೀಟಿಂಗಿನಲ್ಲಿ, ಸ್ನೇಹ ಅಂದ್ರೆ ಇದು, ನಮ್ಮ ಗಂಡಸರು ಕಲೀಬೇಕು ಎಂದರಂತೆ. ಆ ಮಾತು ನನ್ನ ಕಿವಿಗೆ ಬಿದ್ದಾಗ ಹಿತವಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಹಿತವಾಯಿತು.

ಮೆಚ್ಚದವನು ಹೆನ್ರಿಕ್ ಒಬ್ಬನೇ.

ಅವನು ಕ್ಲಬ್ಬಿಗೆ ಬಂದ ಮೊದಲ ದಿನ ನಿನಗೆ ನೆನಪಿದೆಯಲ್ಲ? ಹೆಂಡತಿಗೆ ಅವಾಲಿಯಲ್ಲಿ ಎಂಜಿನಿಯರ್ ಕೆಲಸ, ಇವನಿಗೆ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುವ ಕೆಲಸ, ಅಷ್ಟೇ ಗೊತ್ತಿದ್ದದ್ದು. ಇವನ ಮುಖ ನೋಡಿದ್ರೆ ಯಾರೋ ಫ್ರಿಜ್ಜಿನಲ್ಲಿಟ್ಟು ಮರೆತ ಹಾಗೆ ಉಂಟು ಎಂದು ನೀನು ನನ್ನ ಕಿವಿಯಲ್ಲಿ ಹೇಳಿದೆ, ನಾನು ನಕ್ಕು ಸರ್ವ್ ತಪ್ಪಿಸಿದೆ. ಮಕ್ಕಳನ್ನು ಬಿಟ್ಟು ನಮ್ಮ ಕೋರ್ಟಿನ ಪಕ್ಕ ಬಂದು ನಿಂತ. ಎಡಗೈ ಎಂದ, ನಿನ್ನನ್ನು ತೋರಿಸಿ. ಆಮೇಲೆ, ನಿಮ್ಮಿಬ್ಬರ ನಡುವೆ ಒಂದು ಲಾರಿ ಹೋಗಬಹುದು ಎಂದ. ಅಲ್ಲಿಂದ ಎರಡು ವರ್ಷ ಬಿಡದೆ ಕಲಿಸಿದ. ಜೋಡಿಯಾಟದಲ್ಲಿ ಲೋಕದಲ್ಲೇ ಎಂಟನೆಯ ಸ್ಥಾನದಲ್ಲಿದ್ದ ಡೇನಿಷ್ ಆಟಗಾರ ಎಂದು ಮಕ್ಕಳು ಇಂಟರ್ನೆಟ್ಟಿನಲ್ಲಿ ಹುಡುಕಿ ಹೇಳಿದ ಮೇಲೂ ನಮಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಸಿತ್ರಾದ ಕ್ಲಿನಿಕ್ಕಿನಿಂದ ಕಂಪನಿ ಬಸ್ಸಿನಲ್ಲಿ ಡ್ಯೂಟಿ ಮುಗಿಸಿ ಬರುವ ಒಬ್ಬ ನರ್ಸು, ಲೆಕ್ಕ ಬರೆಯುವ ಒಬ್ಬಳು, ನಮ್ಮಂಥ ಇಬ್ಬರು ಆಂಟಿಯರ ಮೇಲೆ ಅವನಿಗೇಕೆ ಇಷ್ಟು ಆಸ್ಥೆ?

ಕಳೆದ ಗುರುವಾರ ಅರ್ಥವಾಯಿತು. ಹೆಸರು ಕೊಡಲು ಅದೇ ಕೊನೆಯ ದಿನ. ರೋಜಿ ಪಾಪ ಕೊನೆಯ ಸಲ ಕೇಳಿದಳು, ನಾನು ಎಂದಿನ ಉತ್ತರ ಕೊಟ್ಟೆ. ಹೆನ್ರಿಕ್ ಕೇಳಿಸಿಕೊಂಡ. ಹೊರಗೆ ಕರೆದುಕೊಂಡು ಹೋಗಿ ಎರಡು ಕರಕ್ ಚಹಾ ತಂದ. ಅಕ್ಟೋಬರ್ ಆದರೂ ಇಲ್ಲಿ ಸಂಜೆಯ ಗಾಳಿ ಇನ್ನೂ ಒದ್ದೆ ಬಟ್ಟೆಯ ಹಾಗಿದೆ. ಗೋಡೆಗೊರಗಿ ನಿಂತು ಹೇಳಿದ.

ಅವನದು ಸಮುದ್ರದಂಡೆಯ ಸಣ್ಣ ಊರಂತೆ. ಚಳಿಗಾಲದಲ್ಲಿ ಮಧ್ಯಾಹ್ನ ಕಳೆಯುತ್ತಲೇ ಕತ್ತಲು. ಬೆಳಕೂ ಬಿಸಿಯೂ ಇರುವ ಜಾಗ ಎಂದು ಊರ ಮಕ್ಕಳೆಲ್ಲ ಆಟದ ಹಾಲ್‌ಗೆ ಹೋಗುತ್ತಿದ್ದರು. ಒಬ್ಬನೇ ಆಡಿದರೆ ಅವನು ತೀರಾ ಸಾಧಾರಣ. ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಚ್ ಅವನನ್ನು ಮೊರ್ಟೆನ್ ಎಂಬ ಎಡಗೈ ಹುಡುಗನ ಪಕ್ಕ ನಿಲ್ಲಿಸಿದರು. ಅಲ್ಲಿಂದ ಮುಂದೆ ಹದಿನೈದು ವರ್ಷ ಅವನು ಆ ಜಾಗ ಬಿಟ್ಟು ಕದಲಲಿಲ್ಲ. ದೊಡ್ಡ ಪದಕವೇನೂ ಬರಲಿಲ್ಲ. ಜಕಾರ್ತದಲ್ಲಿ ಒಂದು ಸೆಮಿಫೈನಲ್, ಎದುರಿಗೆ ಅಲ್ಲಿಯವರೇ. ಜನರ ಗದ್ದಲಕ್ಕೆ ಪಕ್ಕದವನು ಕೂಗಿದ್ದೂ ಕೇಳದು. ನಂದು, ನಿಂದು ಎಂದು ಕೂಗುವುದನ್ನೇ ಇಬ್ಬರೂ ಬಿಟ್ಟರು. ಇಡೀ ಆಟದಲ್ಲಿ ಒಮ್ಮೆಯೂ ಒಬ್ಬನ ರ್ಯಾಕೆಟ್ ಇನ್ನೊಬ್ಬನದಕ್ಕೆ ತಾಗಲಿಲ್ಲ. ಸೋತರು. ತನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮತ್ತೆಂದೂ ಆಡಲಿಲ್ಲ ಎಂದ. ಹೇಳುವಾಗ ಅವನ ಫ್ರಿಜ್ಜಿನ ಮುಖ ಸ್ವಲ್ಪ ಕರಗಿತ್ತು, ನೀನು ನೋಡಬೇಕಿತ್ತು.

ಮರುವರ್ಷ ಮೊರ್ಟೆನ್‌ಗೆ ರಕ್ತದ ಕಾಯಿಲೆ ಬಂತು. ಆಟದ ಸಂಘದವರು ಹೆನ್ರಿಕ್‌ಗೆ ಹೊಸ ಹುಡುಗನೊಬ್ಬನನ್ನು ಜೋಡಿ ಮಾಡಲು ಹೊರಟರು. ಅವನು ಒಪ್ಪಲಿಲ್ಲ. ಮೊರ್ಟೆನ್ ಎದ್ದು ಬರುವ ತನಕ ಆಡುವುದಿಲ್ಲ ಎಂದ. ಪತ್ರಿಕೆಗಳು ಹೊಗಳಿದವು.

ಜೋಡಿಯಾಟದ ರ್ಯಾಂಕಿಂಗ್ ಒಂದು ವಿಚಿತ್ರ, ಫ್ಲೆನ್ಸಿ. ಅಂಕವೆಲ್ಲ ಜೋಡಿಗೆ ಸೇರಿದ್ದು. ಬೇರೊಬ್ಬನ ಪಕ್ಕ ನಿಂತರೆ ಆ ಹೊಸ ಜೋಡಿಗೆ ಸೊನ್ನೆಯಿಂದ ಶುರು. ಆಡದೆ ಕೂತರೆ ಹಳೆಯ ಜೋಡಿಯ ಹೆಸರು ಕೂಡಲೇ ಅಳಿಯುವುದಿಲ್ಲ. ಒಂದು ವರ್ಷದೊಳಗಿನ ಆಟಗಳು ಲೆಕ್ಕದಲ್ಲಿರುತ್ತವೆ, ವಾರ ಕಳೆದಂತೆ ಒಂದೊಂದೇ ಉದುರುತ್ತವೆ, ಎರಡು ಹೆಸರೂ ಒಟ್ಟಿಗೆ ಕೆಳಗಿಳಿಯುತ್ತವೆ. ಪಟ್ಟಿ ಬರುವುದು ಗುರುವಾರ. ಪ್ರತಿ ಗುರುವಾರ ಹೆನ್ರಿಕ್ ರಾಜಧಾನಿಗೆ ರೈಲಿನಲ್ಲಿ ಹೋಗಿ, ಸಂಘದ ಆಫೀಸಿನ ಗೋಡೆಯ ಮೇಲೆ ತಮ್ಮಿಬ್ಬರ ಹೆಸರು ಎಲ್ಲಿಗಿಳಿದಿದೆ ಎಂದು ನೋಡಿ ಬರುತ್ತಿದ್ದ. ಮೊದಲು ಹನ್ನೊಂದು, ಆಮೇಲೆ ಹತ್ತೊಂಬತ್ತು, ಆಮೇಲೆ ನಲವತ್ತು. ಮೊರ್ಟೆನ್ ಇದ್ದ ಆಸ್ಪತ್ರೆ ಅದೇ ರಸ್ತೆಯ ಕೊನೆಯಲ್ಲಿತ್ತು. ಪಟ್ಟಿ ನೋಡುವನು, ತಿರುಗಿ ಸ್ಟೇಷನ್ನಿಗೆ ನಡೆಯುವನು. ಅವನಿಗಾಗಿ ಆಟವನ್ನೇ ಬಿಟ್ಟಿದ್ದೇನೆ, ಇದಕ್ಕಿಂತ ಹೆಚ್ಚು ಯಾರು ಮಾಡುತ್ತಾರೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ.

ಮೊರ್ಟೆನ್ ತೀರಿಕೊಂಡ ಮೇಲೆ ಅವನ ಹೆಂಡತಿ ಒಂದು ಮಾತು ಹೇಳಿದಳಂತೆ. ಗುರುವಾರ ಹೆನ್ರಿಕ್ ಪಟ್ಟಿ ನೋಡಲು ಬರುತ್ತಾನೆ, ಹಾಗೇ ಇಲ್ಲಿಗೂ ಬರುತ್ತಾನೆ ಎಂದು ಮೊರ್ಟೆನ್ ಪ್ರತಿ ಗುರುವಾರ ಬೆಳಿಗ್ಗೆ ಗಡ್ಡ ತೆಗೆಸಿಕೊಂಡು, ದಿಂಬಿಗೊರಗಿ ಕೂತಿರುತ್ತಿದ್ದ ಎಂದು.

ಅವನು ಸತ್ತ ಮೇಲೂ ಕೆಲವು ವಾರ ಇಬ್ಬರ ಹೆಸರೂ ಪಟ್ಟಿಯಲ್ಲಿತ್ತು. ಹೆನ್ರಿಕ್ ಮತ್ತೆ ಕಣಕ್ಕಿಳಿಯಲಿಲ್ಲ. ಹೆಂಡತಿಗೆ ಕೆಲಸ ಸಿಕ್ಕಿದ ಊರುಗಳಲ್ಲಿ ಮಕ್ಕಳಿಗೆ ಕಲಿಸಿಕೊಂಡು ಇಲ್ಲಿಯ ತನಕ ಬಂದ.

ಅಷ್ಟು ಹೇಳಿ ಚಹಾದ ಕಾಗದದ ಕಪ್ಪನ್ನು ಕೈಯಲ್ಲೇ ಹಿಚುಕಿ ಡಬ್ಬಿಗೆ ಹಾಕಿ ನನ್ನನ್ನು ಒಂದು ಪ್ರಶ್ನೆ ಕೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಒಳಗೆ ಹೋಗಿ ರೋಜಿಯ ಹೆಸರಿನ ಪಕ್ಕ ನನ್ನದನ್ನು ಬರೆಸಿದೆ. ನೀನು ಗೆದ್ದೆ, ತೃಪ್ತಿಯೇ?

ಭಾನುವಾರ ಮೊದಲ ಸುತ್ತು. ರೋಜಿ ಚುರುಕು ಹುಡುಗಿ, ನಿನ್ನಷ್ಟು ಬಾಯಿಯಿಲ್ಲ. ಎರಡನೆಯ ಗೇಮಿನಲ್ಲಿ ಶಟಲ್ ಸರಿಯಾಗಿ ನಮ್ಮಿಬ್ಬರ ನಡುವೆ ಬಂತು. ನಿಧಾನಕ್ಕೆ, ಗರಿ ಎಣಿಸಬಹುದಾದಷ್ಟು ನಿಧಾನಕ್ಕೆ. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ನಡುವಿನದು ಯಾವಾಗಲೂ ನಿನ್ನದಲ್ಲವೇ? ಬಿಡು ಚಿತ್ರಾ, ನಾನಿದ್ದೇನೆ ಎನ್ನುವ ಕೂಗು ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ನಿಂತೇ ಇದ್ದೆ. ಶಟಲ್ ನೆಲಕ್ಕೆ ಬಿತ್ತು. ಚಿತ್ರಕ್ಕ, ಅದು ನಿಮ್ದಲ್ವಾ ಎಂದು ರೋಜಿ ಮೆಲ್ಲಗೆ ಕೇಳಿದಳು. ನಾನು ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿ ಕೂತೆ. ಎದುರಿನವರು ಕಾದರು. ಸೋತೆವು.

ಕಳೆದ ವರ್ಷ ಇಲ್ಲಿ ಸರಕಾರದ ವಿರುದ್ಧ ನಡೆದ ಗಲಾಟೆಯಲ್ಲಿ ಸಿತ್ರಾ ರಸ್ತೆ ಮುಚ್ಚಿ, ನೀನು ನಮ್ಮ ಮನೆಯಲ್ಲಿ ಉಳಿದ ದಿನಗಳು ಆಗ ನೆನಪಾದವು. ನಿನ್ನ ಮೀನು ಸಾರಿನ ವಾಸನೆ ತಡೆಯದೆ ಯಶವಂತ್ ಬಾಲ್ಕನಿಯಲ್ಲಿ ಕೂತು ಉಣ್ಣುತ್ತಿದ್ದರು. ನನಗೆ ಹೆಲಿಕಾಪ್ಟರ್ ಸದ್ದಿಗೆ ಊಟ ಸೇರುತ್ತಿರಲಿಲ್ಲ. ನೀನು ಹಾಲ್‌ನಲ್ಲಿ ಸೋಫಾ ಸರಿಸಿ, ಬಾ, ಗೋಡೆಗೆ ಶಟಲ್ ಹೊಡೆಯುವಾ ಎಂದು ಎಬ್ಬಿಸಿದೆ. ನಾನು ಹೆದರಿದಾಗ ನೀನು ಪಕ್ಕದಲ್ಲಿದ್ದೆ. ಈಗ ನಿನಗೆ ಹೆದರಿಕೆಯಾಗುತ್ತದೆಯೇ? ನೀನು ನರ್ಸು, ಎಲ್ಲ ಗೊತ್ತಿರುವವಳು. ಗೊತ್ತಿರುವವರಿಗೆ ಹೆದರಿಕೆ ಹೆಚ್ಚೋ ಕಡಿಮೆಯೋ ನನಗೆ ತಿಳಿಯದು.

ಇನ್ನೇನು ಬರೆಯಲಿ. ಮದ್ದು ತಪ್ಪಿಸಬೇಡ ಎಂದು ನಿನಗೆ ನಾನು ಹೇಳುವುದು ತಮಾಷೆಯಾಗುತ್ತದೆ. ಬೇಗ ಗುಣವಾಗಿ ಬಾ ಎಂದು ಬರೆಯಲು ಹೊರಟು ಪೆನ್ನು ನಿಂತಿತು.

ನಿನ್ನ ಪಕ್ಕದವಳು,
ಚಿತ್ರಾ

ವಿ.ಸೂ. ಬುಧವಾರ ಬೆಳಿಗ್ಗೆ. ಎರಿಕ್ ಪೆಟ್ಟಿಗೆ ಕಟ್ಟುತ್ತಿದ್ದಾನೆ, ಪತ್ರ ಕೊಡಿ ಎಂದು ರೋಜಿ ಬಂದಿದ್ದಳು. ಖರ್ಜೂರ ಮಾತ್ರ ಕೊಟ್ಟು ಕಳಿಸಿದೆ. ರಜೆ ಸಿಕ್ಕಿಲ್ಲ ಎಂದು ಮೊದಲ ಪುಟದಲ್ಲಿ ಬರೆದದ್ದು ಸುಳ್ಳು. ಆಡಿಟ್ ಜುಲೈಯಲ್ಲೇ ಮುಗಿದಿದೆ. ರಜೆ ಆಗಸ್ಟಿನಲ್ಲೇ ಮಂಜೂರಾಗಿದೆ. ಚಹಾ ಕುಡಿದ ಆ ಸಂಜೆ ಹೆನ್ರಿಕ್ ನನ್ನನ್ನು ಕೇಳಿದ್ದು ಇದನ್ನೇ, ನಿನಗೆ ರಜೆ ಕೊಡದವರು ಯಾರು ಎಂದು. ದನಿಯಿಲ್ಲದ ನಿನ್ನ ಎದುರು ಹೇಗೆ ಕೂರುವುದು ಎಂದು ಇಷ್ಟು ದಿನ ಇಲ್ಲೇ ಕೂತೆ. ನಾಳಿನ ವಿಮಾನದಲ್ಲಿ ನನಗೂ ಸೀಟು ಸಿಕ್ಕಿದೆ. ಪತ್ರ ನಾನೇ ತರುತ್ತೇನೆ. ವೇಯ್ನ್‌ಗೆ ಫೋನ್ ಮಾಡಿದೆ. ಈಗ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರ್ತಾಳೆ, ಗುರುತು ಹಿಡೀತಾಳೋ ಇಲ್ವೋ, ಆದ್ರೂ ಬನ್ನಿ ಎಂದರು. ಹಾಸಿಗೆಯ ಎಡಪಕ್ಕ ಕೂತು ಓದುತ್ತೇನೆ. ರಜೆಯ ಸಾಲು ಬಂದಾಗ ಎಡಗೈಯಿಂದ ನನಗೊಂದು ಬಿಡು. ನಿದ್ದೆ ಬಂದರೆ ಮಲಗು, ಪರವಾಗಿಲ್ಲ. ನಾನು ಓದುತ್ತಲೇ ಇರುತ್ತೇನೆ.