ಕಣ್ಣು ತೆರೆದು ನಿದ್ದೆ ಹೋದವರು

ಲಗ್ಗೆರೆ
ಭಾನುವಾರ, 9 ನವೆಂಬರ್ 2025

ವಿಜಯಶ್ರೀಗೆ,

ಸೆಪ್ಟೆಂಬರಿನಲ್ಲಿ ಅಷ್ಟು ಜನರ ಮುಂದೆ ನಿನ್ನನ್ನು ಬೈದವಳ ನಮಸ್ಕಾರ.

ಫೋನ್ ಎತ್ತುತ್ತಿಲ್ಲ ನೀನು. ಎತ್ತಬೇಡ. ಫೋನಿನಲ್ಲಾದರೆ ನಾನು ಮತ್ತೆ ಭಾಷಣ ಶುರು ಮಾಡುತ್ತೇನೆ. ಏಳು ವರ್ಷ ಫ್ಯಾಕ್ಟರಿ ಗೇಟಿನ ಮುಂದೆ ಕೂಗಿದ ಗಂಟಲಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿದೆ. ಅದಕ್ಕೇ ಈ ಕಾಗದ.

ನಿನ್ನ ವರದಿ ತಲುಪಿತು. ಮೇಲೆ ಅಂಟಿಸಿದ ಹಳದಿ ಚೀಟಿಯೂ ತಲುಪಿತು. "ಕಾರ್ಮಿಕರ ಪ್ರತಿನಿಧಿ ಅಂತ ಇರೋ ಕಡೆ ಸೈನ್ ಮಾಡಿ ಕಳಿಸು. ಆಮೇಲೆ ನಾವು ಮೀಟ್ ಆಗ್ಬೇಕಾಗಿಲ್ಲ." ಸಹಿ ಮಾಡುವುದಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಯಾಕೆ ಅಂತ ಈಗ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ, ಏಕೆಂದರೆ ಶುಕ್ರವಾರದ ಸಭೆಯಲ್ಲಿ ನೀನು ಇದನ್ನು ಗಟ್ಟಿಯಾಗಿ ಓದಬೇಕಾಗಿ ಬರಬಹುದು.

ಶುಕ್ರವಾರ ಪೀಣ್ಯದ ಫ್ಯಾಕ್ಟರಿ ಮಾಲೀಕರು ವರದಿಗೆ ಹೂಂ ಎಂದರೆ, ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ ಹೆಣ್ಣುಮಕ್ಕಳಿಗಾಗಿ ಇನ್ನೂರ ನಲವತ್ತು ಕೋಣೆಗಳ ಹಾಸ್ಟೆಲ್ ಏಳುತ್ತದೆ. ಒಬ್ಬಳಿಗೆ ಒಂದು ಕೋಣೆ. ಏಳು ಅಡಿಗೆ ಒಂಬತ್ತು ಅಡಿ. ದಪ್ಪ ಗೋಡೆ, ಸದ್ದಿಲ್ಲ. ಕಿಟಕಿಯೂ ಇಲ್ಲ. ಕಿಟಕಿ ಬೇಕೇಬೇಕೆಂದು ನೀನು ಹಟ ಹಿಡಿದಿದ್ದೆ ಅಂತ ನಿನ್ನ ಆಫೀಸಿನ ಕಶ್ಯಪ್ ಹೇಳಿದ. ಮಾಲೀಕರು ನಿನ್ನದೇ ವರದಿಯ ಹನ್ನೊಂದನೇ ಪುಟ ತೆಗೆದು ತೋರಿಸಿದರಂತೆ: "ಮೇಡಂ, ಕಿಟಕಿ ಇಲ್ಲದ ರೂಮಲ್ಲೇ ಇವರ ಮಿದುಳು ನಾಲ್ಕು ನಿಮಿಷದಲ್ಲಿ ಶಾಂತ ಆಗಿದೆ ಅಂತ ನೀವೇ ಬರ್ದಿದ್ದೀರಲ್ಲ. ಮತ್ಯಾಕೆ ಕಿಟಕಿ?" ಅದಕ್ಕೊಂದು ಉತ್ತರ ಇತ್ತು. ನನ್ನ ಬಳಿ ಇತ್ತು. ಫೆಬ್ರುವರಿಯಿಂದಲೂ ಇತ್ತು.

ಜನವರಿಯಲ್ಲಿ ನೀನು ಕಶ್ಯಪ್‌ನನ್ನು ಕರೆದುಕೊಂಡು ನಮ್ಮ ಕಾರ್ಮಿಕ ಸಂಘದ ಆಫೀಸಿಗೆ ಬಂದ ದಿನ ನೆನಪಿಸಿಕೋ. ಮಿದುಳಿನ ಶಾಸ್ತ್ರ ಓದಿದವನು, ನನ್ನ ಜೊತೆ ಕೆಲಸ ಮಾಡ್ತಾನೆ ಅಂತ ಪರಿಚಯ ಮಾಡಿಸಿದೆ. ಆಮೇಲೆ ನಿನ್ನ ಬಸವೇಶ್ವರನಗರದ ಕನ್ನಡದಲ್ಲಿ ಶುರು ಮಾಡಿದೆ: "ಮನೆ ಅನ್ನೋದು ಬರೀ ಕಣ್ಣಿಗಲ್ಲ ಕಣೇ. ಪಾದಕ್ಕೆ, ಕಿವಿಗೆ, ಮೂಗಿಗೆ. ಸೂರು ಎಷ್ಟು ಎತ್ತರ, ಬೆಳಕು ಯಾವ ಕಡೆಯಿಂದ ಬರುತ್ತೆ, ಎಲ್ಲಾನೂ ಮಿದುಳು ಗಮನಿಸ್ತಾ ಇರುತ್ತೆ. ನಮಗೆ ಗೊತ್ತಾಗಲ್ಲ ಅಷ್ಟೇ."

ನಾನು ನಕ್ಕೆ. ನಮ್ಮವರಿಗೆ ಸೂರೇ ಇಲ್ಲ, ನೀನು ಅದರ ಎತ್ತರ ಅಳೆಯೋಕೆ ಬಂದ್ಯಾ ಅಂದೆ. ನೀನು ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ನನ್ನ ಬಲಗೈ ಹಿಡಿದು, "ಗುರು, ನಿನ್ನ ಅಂಗೈ ಈಗ್ಲೂ ಗುಂಯ್ ಅನ್ನುತ್ತಾ?" ಎಂದು ಕೇಳಿದೆ.

ಹನ್ನೆರಡು ವರ್ಷ ಹೊಲಿಗೆ ಮಷಿನ್ ಮೇಲಿದ್ದ ಕೈ ಅದು. ಮಷಿನ್ ಬಿಟ್ಟು ಏಳು ವರ್ಷವಾದರೂ ಬಟ್ಟೆ ಓಡುವ ನಡುಕ ಅಂಗೈಯಲ್ಲಿ ಉಳಿದಿದೆ. ಅದನ್ನು ನಾನು ಯಾವ ಡಾಕ್ಟರಿಗೂ ಹೇಳಿದವಳಲ್ಲ. ನೀನು ಹುನಗುಂದದಿಂದ ಆರ್ಕಿಟೆಕ್ಚರ್ ಓದಲು ಬಂದು, ಹಾಸ್ಟೆಲ್ ಸಿಗದೆ, ಲಗ್ಗೆರೆಯ ಇದೇ ಕೋಣೆಯಲ್ಲಿ ನಮ್ಮ ಆರು ಜನರ ನಡುವೆ ಏಳನೆಯವಳಾಗಿ ನಾಲ್ಕು ವರ್ಷ ಇದ್ದೆಯಲ್ಲ, ಆಗೊಮ್ಮೆ ನಿನಗೆ ಹೇಳಿದ್ದೆ. ನೀನು ಮರೆತಿರಲಿಲ್ಲ. ಆ ಕ್ಷಣಕ್ಕೆ ನಿನ್ನ ಶಾಸ್ತ್ರವನ್ನು ನಾನು ನಂಬಿದೆ. ಮುನ್ನೂರು ಮಷಿನ್ನಿನ ಸದ್ದು, ಟ್ಯೂಬ್‌ಲೈಟು, ಮೂಗಿಗೆ ಅಡರುವ ಹತ್ತಿಯ ದೂಳು, ಇವೆಲ್ಲ ಹೆಂಗಸಿನ ಮೈಯೊಳಗೆ ಹೋಗಿ ಮನೆ ಮಾಡುತ್ತವೆ ಅನ್ನುವುದನ್ನು ಒಬ್ಬಳಾದರೂ ಯಂತ್ರ ಇಟ್ಟು ತೋರಿಸಲಿ ಎಂದುಕೊಂಡೆ. ನಾವು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಯಂತ್ರ ಹೇಳಿದರೆ ಕೇಳುತ್ತಾರೆ.

ನೀನು ಕೇಳಿದ್ದು ಮೂವತ್ತಾರು ಹೆಂಗಸರನ್ನು, ಫೆಬ್ರುವರಿಯಿಂದ ಎಂಟು ಭಾನುವಾರಗಳನ್ನು. ಬಸವೇಶ್ವರನಗರದ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯ ನಿನ್ನ ಆಫೀಸಿನೊಳಗೆ ಕಟ್ಟಿದ ಆ ಮಾದರಿ ಕೋಣೆ, ಗುಂಡಗಿನ ಮೂಲೆಗಳು, ಮೇಲಿನಿಂದ ಇಳಿಯುವ ಮಂದ ಬೆಳಕು. ಒಬ್ಬೊಬ್ಬಳೂ ಇಪ್ಪತ್ತು ನಿಮಿಷ ಒಳಗೆ ಕೂರಬೇಕು. ಹಣೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಎಚ್ಚರವಾಗಿದ್ದಾಳೋ ಇಲ್ಲವೋ ನೋಡಲು ಕಣ್ಣಿನ ಮೇಲೆ ಒಂದು ಕ್ಯಾಮೆರಾ.

ಮುತ್ತವ್ವನ ಸರದಿ ಬಂದಾಗ ಎಲ್ಲರೂ ನಕ್ಕಿದ್ದು ನಿನಗೆ ನೆನಪಿರಬೇಕು. ಪಟ್ಟಿ ಕಟ್ಟಲು ಬಂದ ಕಶ್ಯಪ್‌ನನ್ನು ಕೇಳಿದಳು: "ತಮ್ಮಾ, ಈ ಪಟ್ಟಿ ಕಟ್ಟಿದ್ರ ನಾ ಸೂಪರ್‌ವೈಸರ್‌ಗೆ ಮನಸಿನ್ಯಾಗ ಬೈಯೋದೆಲ್ಲಾ ಕಂಪ್ಯೂಟರ್‌ನಾಗ ಬರತೈತೇನು?"

"ಇಲ್ಲ ಆಂಟಿ, ಬರೀ ಗೆರೆ ಬರುತ್ತೆ ಅಷ್ಟೇ."

"ಆಂಟಿ ಅನಬ್ಯಾಡೋ ಮಾರಾಯ! ನಿನಗಿಂತ ಎರಡ ವರ್ಷ ಸಣ್ಣಾಕಿ ಇರಬೇಕ ನಾ."

ಒಳಗೆ ಹೋದಳು. ಇಪ್ಪತ್ತು ನಿಮಿಷ ಕಣ್ಣು ಬಿಟ್ಟುಕೊಂಡು ಕೂತಳು. ಕಂಪ್ಯೂಟರಿನಲ್ಲಿ ಗೆರೆ ನಿಧಾನವಾಯಿತು, ಎದೆಬಡಿತ ಇಳಿಯಿತು. ನೀನು ನನ್ನ ತೋಳು ಹಿಡಿದು ಕುಣಿಯುವುದೊಂದು ಬಾಕಿ. ಅವಳ ಹಿಂದೆ ಬಂದವಳದೂ ಹಾಗೇ. ಅವಳ ಹಿಂದಿನವಳದೂ. ಕಶ್ಯಪ್ ತಲೆ ಕೆರೆದುಕೊಂಡು, "ಮೇಡಂ, ಕಣ್ಣು ಬಿಟ್ಕೊಂಡು ಈ ಥರ ಸ್ಲೋ ಆಗೋದು ಅಪರೂಪ. ಇವ್ರೇನಾದ್ರೂ ಧ್ಯಾನ ಮಾಡ್ತಾರಾ?" ಎಂದ. ನೀನು ನನ್ನ ಕಡೆ ನೋಡಿದೆ. ನಾನು, ನಮ್ಮ ಕಡೆ ಮನೆಮನೆಯಲ್ಲೂ ಇಷ್ಟಲಿಂಗ ಹಿಡಿದು ಪೂಜೆಗೆ ಕೂರುತ್ತಾರಪ್ಪ, ಅಂಗೈ ದಿಟ್ಟಿಸಿ ರೂಢಿ ಇರುತ್ತೆ ಎಂದೆ. ಅದನ್ನು ನೀನು ವರದಿಯಲ್ಲಿ ಬರೆದೇಬಿಟ್ಟಿದ್ದೀಯ. ಹದಿನಾಲ್ಕನೇ ಪುಟ, ‘ಸಾಂಸ್ಕೃತಿಕ ಹಿನ್ನೆಲೆ’. ಓದಿ ನನಗೆ ಮೈಯೆಲ್ಲ ಉರಿಯಿತು. ಮುತ್ತವ್ವ ಪೂಜೆಗೆ ಕೂತು ಎಷ್ಟು ಕಾಲವಾಯಿತೋ! ಬೆಳಿಗ್ಗೆ ಐದೂವರೆಗೆ ಅಡುಗೆ ಮುಗಿಸಿ ವ್ಯಾನ್ ಹತ್ತುವವಳು ಯಾವ ಲಿಂಗವನ್ನು ದಿಟ್ಟಿಸುತ್ತಾಳೆ?

ಅವರು ಮಲಗಿದ್ದರು ವಿಜಿ.

ಕಣ್ಣು ತೆರೆದುಕೊಂಡೇ ಮಲಗಿದ್ದರು. ಅದೊಂದು ವಿದ್ಯೆ. ಹೊಲಿಗೆಯ ಲೈನಿನಲ್ಲಿ ಮುಂದಿನ ಬಟ್ಟೆಯ ಕಟ್ಟು ಬರುವುದು ತಡವಾದಾಗ ಅರ್ಧ ನಿಮಿಷವೋ ಒಂದು ನಿಮಿಷವೋ ಸಿಗುತ್ತದೆ. ಕಣ್ಣು ಮುಚ್ಚಿದರೆ ಸೂಪರ್‌ವೈಸರ್ ಮೆಮೊ ಕೊಡುತ್ತಾನೆ. ಅದಕ್ಕೆ ಗದ್ದ ಇಳಿಸಿ, ಸೂಜಿಯ ತುದಿಯ ಮೇಲೆ ನೋಟ ನೆಟ್ಟು, ರೆಪ್ಪೆ ಬಿಗಿದು, ಒಳಗೊಳಗೇ ನಿದ್ದೆಗೆ ಜಾರುವುದು. ಹೊಸದಾಗಿ ಬಂದವಳು ಕಾಲರ್ ಹೊಲಿಯುವುದಕ್ಕಿಂತ ಮೊದಲು ಇದನ್ನು ಕಲಿಯುತ್ತಾಳೆ. ಮುತ್ತವ್ವನಿಗೆ ಕಲಿಸಿದವಳು ನಾನು. ನಿನ್ನ ಕ್ಯಾಮೆರಾಗೆ ಕಾಣಿಸಿದ್ದು ಬರೀ ತೆರೆದ ಕಣ್ಣು. ನಿನ್ನ ಪಟ್ಟಿಗೆ ಸಿಕ್ಕಿದ್ದು ನಿದ್ದೆಯ ಗೆರೆ. ಎರಡನ್ನೂ ಸೇರಿಸಿ ‘ಎಚ್ಚರದಲ್ಲಿನ ಶಾಂತಿ’ ಎಂದು ಹೆಸರಿಟ್ಟಿರಿ.

ನೀನು ಹುಷಾರಾಗಿಯೇ ಇದ್ದೆ, ಇಲ್ಲ ಅನ್ನುವುದಿಲ್ಲ. ಹಿಂದಿನ ದಿನ ಏಳು ಗಂಟೆ ನಿದ್ದೆ ಆಗಿರಬೇಕು, ಆ ವಾರ ಓವರ್‌ಟೈಮ್ ಮಾಡಿರಬಾರದು ಎಂದು ಫಾರಂನಲ್ಲಿ ಒಂದು ಸಾಲು ಇಟ್ಟಿದ್ದೆ. ಪ್ರತಿ ಫಾರಂನ ಕೆಳಗೂ ‘ವಿಚಾರಿಸಿ ದೃಢಪಡಿಸಿದ್ದೇನೆ’ ಎಂದು ಸಹಿ ಹಾಕಿದವಳು ಈ ಗುರುದೇವಿ. ಅವು ಮಾಲು ಕಳಿಸುವ ಗಡುವಿನ, ಶಿಪ್‌ಮೆಂಟಿನ ವಾರಗಳು. ಒಬ್ಬಳೂ ಐದು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ಕೆಲವರು ಭಾನುವಾರವೂ ಅರ್ಧ ದಿನ ಹೊಲಿದು, ಹೊಟ್ಟೆಗಿಲ್ಲದೆ ನೇರ ನಿನ್ನ ಮೆಟ್ಟಿಲು ಹತ್ತಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ. ಒಂದೆರಡಲ್ಲ, ಮೂವತ್ತಾರು.

ಹಾಸ್ಟೆಲ್ ಬರಲಿ ಅಂತ ಹಾಕಿದೆ. ಗೆರೆ ಚೆನ್ನಾಗಿ ಬಂದರೆ ಮಾಲೀಕರು ಕಟ್ಟುತ್ತಾರೆ, ಹತ್ತು ಜನ ಹತ್ತಡಿ ಕೋಣೆಯಲ್ಲಿ ಕೊಳೆಯುವುದು ತಪ್ಪುತ್ತದೆ, ಒಂದು ಸುಳ್ಳಿನಿಂದ ಇನ್ನೂರ ನಲವತ್ತು ಜನಕ್ಕೆ ನೆರಳಾಗುತ್ತದೆ ಅಂತ. ಚಳವಳಿಯಲ್ಲಿ ಬೆಳೆದವಳು ಹೀಗೆಲ್ಲ ಲೆಕ್ಕ ಹಾಕುವುದಿಲ್ಲ ಎಂದು ನೀನು ತಿಳಿದಿದ್ದರೆ ಅದು ನಿನ್ನ ಭ್ರಮೆ.

ಆಗಸ್ಟಿನಲ್ಲಿ ಸುಂಕದಕಟ್ಟೆಯಲ್ಲಿ ಮಾದರಿಗೆಂದು ಹತ್ತು ಕೋಣೆ ಕಟ್ಟಿ ಹತ್ತು ಜನರನ್ನು ಸೇರಿಸಿದಿರಿ. ಮೊದಲ ವಾರ ಮುತ್ತವ್ವ ಫೋನ್ ಮಾಡಿ, "ಗುರಕ್ಕಾ, ನೆಲಾ ಎಷ್ಟ್ ಮೆತ್ತಗ ಐತಿ ಅಂತಿ, ಕಾಲಿಗೆ ಯಾರೋ ಎಣ್ಣಿ ಹಚ್ಚಿದಂಗ ಆಕ್ಕೈತಿ" ಅಂದಳು. ನಿನಗೆ ಹೇಳಬೇಕು ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ. ಮೂರನೇ ವಾರಕ್ಕೆ ಹಾಸಿಗೆ ಎಳೆದುಕೊಂಡು ಕಾರಿಡಾರಿಗೆ ಬಂದಳು. ಆಮೇಲೆ ಒಬ್ಬೊಬ್ಬರಾಗಿ ಹತ್ತೂ ಜನ. ವಾರ್ಡನ್ ಬೈದಳು, ಬೀಗ ಹಾಕಿಸುತ್ತೇನೆ ಎಂದಳು. ವರದಿಯಲ್ಲಿ ನೀನು ಇದನ್ನು ‘ಹಳೆಯ ಅಭ್ಯಾಸ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಮುತ್ತವ್ವ ನನಗೆ ಹೇಳಿದ್ದು ಬೇರೆ. "ಹೊರಗಿನ ಸಪ್ಪಳ ಬಂದ್ ಆತಂದ್ರ ಕಿವ್ಯಾಗಿನ ಮಷಿನ್ ಚಾಲೂ ಆಕ್ಕೈತಿ ಗುರಕ್ಕಾ. ಮಗ್ಗಲಾಗ ಒಬ್ಬಾಕಿ ಗೊರಕಿ ಹೊಡಿಯಾಕತ್ತಿದ್ರ ಅದು ಕೇಳಂಗಿಲ್ಲ. ಅಲ್ಲಿ ಗೊರಕಿನೂ ಇಲ್ಲ, ಕಿಡಕಿನೂ ಇಲ್ಲ. ಬೆಳಗಾತೋ ಇಲ್ಲೋ ಅದೂ ತಿಳಿಯಂಗಿಲ್ಲ." ಈಗ ಅವಳು ಲಗ್ಗೆರೆಗೆ ವಾಪಸ್ ಬಂದಿದ್ದಾಳೆ, ಹತ್ತಡಿಯಲ್ಲಿ ಹತ್ತನೆಯವಳಾಗಿ.

ಅವಳು ಹೀಗೆ ಹೇಳಿದ ಮರುದಿನವೇ, ಸೆಪ್ಟೆಂಬರಿನಲ್ಲಿ, ಹಾಸ್ಟೆಲ್ ಪರಿಚಯಿಸುವ ನಿನ್ನ ಕಾರ್ಯಕ್ರಮ ಇತ್ತು. ನಾನು ಬಂದೆ. ಮಾಲೀಕರ ಮುಂದೆ, ಪತ್ರಕರ್ತರ ಮುಂದೆ ಎದ್ದು ನಿಂತು, ಮೆತ್ತನೆ ಜೈಲು ಕಟ್ಟುತ್ತಿದ್ದೀಯ, ಬಂಡವಾಳಗಾರರಿಗೆ ಮಿದುಳು ಮಾರಿಕೊಂಡಿದ್ದೀಯ ಎಂದು ಕೂಗಿದೆ. ನಮ್ಮ ಹುಡುಗಿಯರು ಚಪ್ಪಾಳೆ ತಟ್ಟಿದರು. ನಿನ್ನ ಕೈಯಲ್ಲಿ ಮೈಕ್ ಹಾಗೇ ಇತ್ತು. ನೀನು ಕೇಳಿದ್ದು ಒಂದೇ: "ಮೂವತ್ತಾರು ಜನರನ್ನೂ ಕರ್ಕೊಂಡು ಬಂದಿದ್ದು ನೀನೇ ಅಲ್ವಾ ಗುರು? ಆವಾಗ ಯಾಕೆ ಹೇಳ್ಲಿಲ್ಲ?"

ನಾನು ಘೋಷಣೆ ಕೂಗಿದೆ. ನನ್ನ ಜೀವಮಾನದಲ್ಲಿ ಘೋಷಣೆಯನ್ನು ಸುಳ್ಳು ಮುಚ್ಚಲು ಬಳಸಿದ್ದು ಅದೊಂದೇ ಸಲ ಎಂದು ಬರೆಯಬೇಕು ಅನ್ನಿಸುತ್ತಿದೆ. ಅದೂ ನಿಜವೋ ಅಲ್ಲವೋ ಗೊತ್ತಿಲ್ಲ.

ಈಗ ಮಾಡಿದ್ದು ಕೇಳು. ಎರಡು ವಾರದಿಂದ ಮನೆಮನೆ ಹತ್ತಿ ಇಳಿದು, ಆ ಭಾನುವಾರಗಳ ಹಿಂದಿನ ದಿನ ಯಾರು ಎಷ್ಟು ಗಂಟೆ ಮಲಗಿದ್ದರು ಎಂದು ಕೇಳಿ ಬರೆದಿದ್ದೇನೆ. ಪಟ್ಟಿ ಇದರ ಜೊತೆಗಿದೆ. ಕೆಲವರು ನನಗೆ ಉಗಿದರು. ನೀಲಗಂಗಮ್ಮ ಬಾಗಿಲಲ್ಲೇ ನಿಲ್ಲಿಸಿ, "ಹಾಸ್ಟೆಲ್ ತಪ್ಪಿಸ್ಬೇಡಿ ಮೇಡಂ, ರೂಮಿನ ಲಿಸ್ಟಲ್ಲಿ ನನ್ನ ಹೆಸರು ಮೂರನೇದಿದೆ, ಕಿಟಕಿ ಇಲ್ದಿದ್ರೆ ಇಲ್ದೇ ಹೋಗ್ಲಿ" ಎಂದಳು. ಆದರೂ ಅವಳ ನಿದ್ದೆಯ ಲೆಕ್ಕ ಕೇಳಿ ಬರೆದುಕೊಂಡೆ. ಮಾಲೀಕರು ಇದೇ ನೆಪ ಮಾಡಿ ಹಾಸ್ಟೆಲ್ಲನ್ನೇ ಕೈಬಿಡಬಹುದು. ಸಂಘ ನನ್ನನ್ನು ಕೈಬಿಡಬಹುದು. ಆದರೂ ಶುಕ್ರವಾರ ಬರುತ್ತೇನೆ. ಫಾರಂಗಳೆಲ್ಲ ಸುಳ್ಳು, ಬರೆದವಳು ನಾನು, ವಿಜಯಶ್ರೀಗೆ ಗೊತ್ತಿರಲಿಲ್ಲ ಎಂದು ಎದ್ದು ನಿಂತು ಹೇಳುತ್ತೇನೆ. ನೀನು ಒಂದು ಕೇಳು: ಅಳತೆ ಮತ್ತೆ ಮಾಡಬೇಕು, ಅದಕ್ಕೂ ಮೊದಲು ಈ ಹೆಂಗಸರಿಗೆ ಒಂದು ವಾರ ರಜೆ ಕೊಡಬೇಕು, ಸಂಬಳದ ಸಮೇತ. ಕಣ್ಣು ತುಂಬ ನಿದ್ದೆ ಮಾಡಿದ ಮಿದುಳಿಗೆ ಯಾವ ಕೋಣೆ ಬೇಕು ಎಂಬುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಅಂಥದ್ದೊಂದು ಮಿದುಳನ್ನು ಪೀಣ್ಯದಲ್ಲಿ ಯಾರೂ ಈವರೆಗೆ ನೋಡಿಲ್ಲ. ಎಂಟು ಗಂಟೆ ನಿದ್ದೆ ಕೇಳುವ ಧೈರ್ಯ ಸಾಲದೆ ನಾವಿಬ್ಬರೂ ಸೇರಿ ಗೋಡೆಯ ಮೂಲೆ ಗುಂಡಗೆ ಮಾಡಿದೆವು.

ಹಾಸ್ಟೆಲ್ಲಿಗಾಗಿ ಸಹಿ ಹಾಕಿದೆ ಎಂದೆನಲ್ಲ, ಅದು ಅರ್ಧ. ಆ ಎಂಟು ಭಾನುವಾರ ನೀನು ನನ್ನ ಜೊತೆ ಕೂತು ಉಂಡೆ. ನಾನು ತಂದ ರೊಟ್ಟಿ ಮುರಿದು, ಕಶ್ಯಪ್‌ಗೆ ಖಾರ ತಿನ್ನಿಸಿ ಅಳಿಸಿ, ಮತ್ತೆ ನಮ್ಮ ಊರ ಕಡೆ ಮಾತಿಗೆ ಇಳಿದೆ. ಮೊದಲನೆಯ ಭಾನುವಾರವೇ ನಿಜ ಹೇಳಿದ್ದರೆ ಪರೀಕ್ಷೆ ನಿಲ್ಲುತ್ತಿತ್ತು. ಊಟವೂ ನಿಲ್ಲುತ್ತಿತ್ತು.

ಇಷ್ಟೇ.

ನಿನ್ನ ಏಳು ಜನರ ಕೋಣೆಯಲ್ಲಿ ಈಗ ಒಬ್ಬಳೇ ಉಳಿದಿರುವ,
ಗುರುದೇವಿ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದ್ದು: ವರದಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ‘ಒಬ್ಬರ ಮಾಪನವನ್ನು ಉಪಕರಣದ ದೋಷದಿಂದಾಗಿ ಕೈಬಿಡಲಾಗಿದೆ’ ಎಂದಿದೆ. ಉಪಕರಣದಲ್ಲಿ ದೋಷ ಇರಲಿಲ್ಲ. ಐದನೇ ಭಾನುವಾರ ಬಸವರಾಜೇಶ್ವರಿ ಮಗುವಿಗೆ ಜ್ವರ ಅಂತ ಬರಲಿಲ್ಲ. ನೀನು ಕೆಳಗೆ ಯಾರೊಂದಿಗೋ ಫೋನಿನಲ್ಲಿದ್ದೆ. ಅವಳ ಜಾಗದಲ್ಲಿ ನಾನು ಕೂತೆ, ವಿಜಿಗೆ ಹೇಳಬೇಡಪ್ಪ ಎಂದು ಕಶ್ಯಪ್‌ನಿಂದ ಮಾತು ತೆಗೆದುಕೊಂಡು. ಹಿಂದಿನ ದಿನ ನಾನು ಎಂಟು ಗಂಟೆ ಮಲಗಿದ್ದೆ. ಬಾಗಿಲು ಮುಚ್ಚಿದ. ಕಣ್ಣು ತೆರೆದೇ ಇತ್ತು, ನಿದ್ದೆ ಬರಲಿಲ್ಲ. ಆ ಕೋಣೆ ಥೇಟ್ ನನ್ನ ಮನೆಯ ಹಾಗೆಯೇ ಇತ್ತು, ಪಕ್ಕದಲ್ಲಿ ಯಾರ ಉಸಿರೂ ಇಲ್ಲ. ಎದೆಬಡಿತ ನೂರಾ ಇಪ್ಪತ್ತು ದಾಟಿತು, ಗೆರೆ ಹುಚ್ಚು ಹಿಡಿದಂತೆ ಕುಣಿಯಿತು, ಕಶ್ಯಪ್ ಪಾಪ ಎರಡು ಸಲ ಪಟ್ಟಿ ಬದಲಾಯಿಸಿದ. ನಿನ್ನ ಇಡೀ ಅಧ್ಯಯನದಲ್ಲಿ ಎಚ್ಚರವಾಗಿದ್ದವಳು ನಾನೊಬ್ಬಳೇ. ಇಷ್ಟನ್ನು ಮಾತ್ರ ಸಭೆಯಲ್ಲಿ ಓದಬೇಡ. ಆದರೆ ಆ ಗೆರೆಯನ್ನು ವಾಪಸ್ ಸೇರಿಸು.